ಕಸುಬಿಗೊಂದು ಸಂಘ, ಕಾರ್ಖಾನೆಗೊಂದು ಸಂಘ

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರರು ಆಳಿದ ಊರು, ಈಗ ಒಂದು ಹೋಬಳಿ. ಈ ಸೀಮೆಯ ಹಳ್ಳಿಗಳಲ್ಲಿ, ಹಳೇ ಮೈಸೂರಿನ ಬೇರೆಡೆಗಳ ಹಾಗೆಯೇ, ಕಮ್ಮಾರ, ಬಡಗಿ, ಅಗಸ, ತಳವಾರ, ನೀರುಗಂಟಿ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ನೇಗಿಲಿಗೆ ಕುಳ ಬಡಿದುಕೊಟ್ಟ ಕಮ್ಮಾರನ ಪಾಲು ಕಮ್ಮಾರನದೇ. ಅದನ್ನು ನೀರುಗಂಟಿಯ ಪಾಲಿನೊಡನೆ ಬೆರೆಸಿ ಯಾರೂ ಅಳೆಯುತ್ತಿರಲಿಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಸುತ್ತಿನ ಕಬ್ಬಿಣ, ಉಕ್ಕಿನ ಕುಲುಮೆಗಳ ಕೆಲಸವನ್ನೂ ಕೆಲಸಗಾರರ ಗಳಿಕೆಯನ್ನೂ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಕಸುಬಿಗೆ ತಕ್ಕ ಪಾಲು ಎಂಬ ಎಣಿಕೆ ಇಲ್ಲಿ ಕಾರ್ಖಾನೆಗಿಂತ ಬಹಳ ಹಳೆಯದು. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು: ಆ ಪಾಲು ಹುಟ್ಟಿನಿಂದ ಬಂದದ್ದು. ಕಮ್ಮಾರನ ಮಗನಿಗೆ ಮಾತ್ರ ಕುಲುಮೆ, ತಳವಾರನ ಮಗನಿಗೆ ಅದು ನಿಲುಕುತ್ತಿರಲಿಲ್ಲ. ಕಸುಬುದಾರರು ತಮಗೆ ಬೇರೆ ಸಂಘ ಬೇಕು ಎಂದು ಕಾರ್ಖಾನೆಯೊಳಗೆ ಕೇಳಿದಾಗಲೆಲ್ಲ ಈ ಎರಡು ಸಂಗತಿಗಳೂ ಒಟ್ಟಿಗೇ ತಲೆಯೆತ್ತುತ್ತವೆ. ಒಂದನ್ನೇ ನೋಡಿದವರು ಆ ಬೇಡಿಕೆಯನ್ನು ಹೊಗಳುತ್ತಾರೆ, ಇನ್ನೊಂದನ್ನೇ ನೋಡಿದವರು ಅದನ್ನು ಸ್ವಾರ್ಥವೆಂದು ತಳ್ಳಿಹಾಕುತ್ತಾರೆ. ನನ್ನ ವಾದ ಹೀಗಿದೆ: ದೂರು ನ್ಯಾಯವಾದದ್ದು, ಬೇರೆ ಸಂಘ ಅದಕ್ಕೆ ಮದ್ದಲ್ಲ, ಆದರೆ ಅವರನ್ನು ಆ ಬಾಗಿಲಿಗೆ ಅಟ್ಟಿದ ಹೊಣೆ ಬಹುಪಾಲು ದೊಡ್ಡ ಯೂನಿಯನ್ನುಗಳದೇ.

ಮೊದಲು ದೂರಿನ ಬೇರು ನೋಡೋಣ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಾದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ಗಳಲ್ಲಿ ಕಾರ್ಖಾನೆಗೊಂದು ಯೂನಿಯನ್ ಎಂಬ ಪದ್ಧತಿ ಬೇರೂರಿತು. ಟೂಲ್ ರೂಮಿನಲ್ಲಿ ಕೂದಲೆಳೆಯ ಅಳತೆಗೆ ಡೈ, ಜಿಗ್ಗು, ಫಿಕ್ಸ್ಚರುಗಳನ್ನು ತಯಾರಿಸುವವನೂ, ಸಾಮಾನು ತುಂಬಿದ ಗಾಡಿ ತಳ್ಳುವ ಹೆಲ್ಪರೂ ಒಂದೇ ರಸೀತಿ ಪುಸ್ತಕಕ್ಕೆ ಚಂದಾ ಕೊಟ್ಟರು. ಅಂಥ ಒಗ್ಗಟ್ಟಿನ ಬಲವನ್ನು 1980ರ ಡಿಸೆಂಬರ್ 26ರಂದು ಶುರುವಾಗಿ 77 ದಿನ ನಡೆದ ಮುಷ್ಕರ ತೋರಿಸಿತು. ಸುಮಾರು 1.25 ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಕ್ಕಿದಷ್ಟೇ ತಮಗೂ ಸಿಗಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಅಂದರೆ ಹೋಲಿಕೆ ಕಂಪನಿ ಕಂಪನಿಗಳ ನಡುವಿನದಾಗಿತ್ತು. ಒಂದೇ ಕಾರ್ಖಾನೆಯೊಳಗೆ ಕಸುಬುದಾರನಿಗೂ ಹೆಲ್ಪರಿಗೂ ನಡುವೆ ಎಷ್ಟು ಅಂತರ ಉಳಿಯಬೇಕು ಎಂಬ ಪ್ರಶ್ನೆ ಆ ದೊಡ್ಡ ಗದ್ದಲದಲ್ಲಿ ಹಿಂದೆ ಸರಿಯಿತು.

ಆ ಅಂತರವನ್ನು ಸದ್ದಿಲ್ಲದೆ ತಿಂದದ್ದು ತುಟ್ಟಿಭತ್ಯೆ. 1970ರ ದಶಕದ ಕೊನೆಯ ಹೊತ್ತಿಗೆ ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿ ಬೆಲೆ ಸೂಚ್ಯಂಕ ಒಂದು ಅಂಶ ಏರಿದರೆ ಎಲ್ಲರಿಗೂ 1 ರೂಪಾಯಿ 30 ಪೈಸೆ ಎಂಬ ದರ ಇತ್ತು. ಇದರ ಪರಿಣಾಮ ಕಾಗದದ ಮೇಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ಉದಾಹರಣೆಗೆ ಹೆಲ್ಪರಿನ ಮೂಲವೇತನ 300 ರೂಪಾಯಿ, ಟೂಲ್ ರೂಮಿನವನದು 600 ಎಂದಿಟ್ಟುಕೊಳ್ಳಿ. ಕಸುಬಿನ ಬೆಲೆ ಸರಿಯಾಗಿ ಎರಡರಷ್ಟು. ಸೂಚ್ಯಂಕ 500 ಅಂಶ ಏರಿತು ಅನ್ನಿ, ಇಬ್ಬರಿಗೂ ತಲಾ 650 ರೂಪಾಯಿ ಸೇರುತ್ತದೆ. ಈಗ ಹೆಲ್ಪರಿಗೆ 950, ಟೂಲ್ ರೂಮಿನವನಿಗೆ 1,250. ಎರಡರಷ್ಟಿದ್ದ ಅವನ ಸಂಬಳ ಹೆಲ್ಪರಿನದಕ್ಕಿಂತ ಸುಮಾರು ಮೂರನೇ ಒಂದು ಪಾಲಿನಷ್ಟೇ ಹೆಚ್ಚು ಎಂಬಲ್ಲಿಗೆ ಬಂತು. ಯಾರೂ ಅವನ ಸಂಬಳ ಕಡಿತ ಮಾಡಲಿಲ್ಲ, ಯಾವ ಒಪ್ಪಂದದಲ್ಲೂ ಅವನ ಕಸುಬನ್ನು ಕೀಳುಗಳೆಯಲಿಲ್ಲ. ಬೆಲೆಯೇರಿಕೆಯೇ ಆ ಕೆಲಸ ಮಾಡಿ ಮುಗಿಸಿತು. ಬಡವನ ಹೊಟ್ಟೆಗೂ ಕುಶಲಿಯ ಹೊಟ್ಟೆಗೂ ಅಕ್ಕಿಯ ಬೆಲೆ ಒಂದೇ ಎಂಬ ನ್ಯಾಯ ಈ ಸಮಾನ ದರದ ಹಿಂದಿದೆ, ಅದು ಸಣ್ಣ ನ್ಯಾಯವಲ್ಲ. ಆದರೆ ವರ್ಷಾನುಗಟ್ಟಲೆ ಕಲಿತ ಕೈಗೆ ಹೀಗಾಯಿತೆಂದು ಗೊತ್ತಾದಾಗ, ಇದನ್ನು ಎಲ್ಲಿ ಹೇಳಿಕೊಳ್ಳಬೇಕು ಎಂಬ ಪ್ರಶ್ನೆಗೆ ಯೂನಿಯನ್ ಕಚೇರಿಯಲ್ಲಿ ಉತ್ತರವಿರಬೇಕಿತ್ತು.

ಇಂಗ್ಲೆಂಡಿನಲ್ಲೂ ಅದೇ ದಶಕದಲ್ಲಿ ಇದೇ ಲೆಕ್ಕ ಇದೇ ಸಿಟ್ಟನ್ನು ಹುಟ್ಟಿಸಿತು. 1975ರಲ್ಲಿ ಅಲ್ಲಿನ ಸರ್ಕಾರ ಮತ್ತು ಕಾರ್ಮಿಕ ಸಂಘಟನೆಗಳು ಸೇರಿ ವಾರಕ್ಕೆ 6 ಪೌಂಡಿನ ಏಕರೂಪದ ಏರಿಕೆಯ ಮಿತಿಯನ್ನು ಒಪ್ಪಿದವು. 1977ರ ಫೆಬ್ರುವರಿಯಲ್ಲಿ ಬ್ರಿಟಿಷ್ ಲೇಲೆಂಡ್ ಕಾರು ಕಂಪನಿಯ ಸಾವಿರಾರು ಟೂಲ್ ರೂಮ್ ಕೆಲಸಗಾರರು ರಾಯ್ ಫ್ರೇಸರ್ ಎಂಬವರ ಮುಂದಾಳತ್ವದಲ್ಲಿ, ತಮ್ಮ ಸಂಬಳದ ಮಾತುಕತೆ ಪ್ರತ್ಯೇಕವಾಗಿ ನಡೆಯಬೇಕೆಂದು ಹೊರನಡೆದರು. ಅವರ ಎದುರು ನಿಂತದ್ದು ಕಂಪನಿ ಮಾತ್ರವಲ್ಲ, ಅವರದೇ ಯೂನಿಯನ್ನಿನ ನಾಯಕತ್ವವೂ ಕೂಡ. ಕೆಲಸದಿಂದ ತೆಗೆದುಹಾಕುವ ಬೆದರಿಕೆ ಬಂತು. ಸುಮಾರು ಒಂದು ತಿಂಗಳ ಮೇಲೆ ಪ್ರತ್ಯೇಕ ಮಾತುಕತೆಯ ಹಕ್ಕಿಲ್ಲದೆಯೇ ಅವರು ಮರಳಿದರು.

ನಮ್ಮಲ್ಲಿ ಈ ಬೇಡಿಕೆ ಇಷ್ಟು ನೇರವಾಗಿ ಸಿಡಿಯದಿರುವುದಕ್ಕೆ ಕಾನೂನೂ ಒಂದು ಕಾರಣ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಪ್ರಕಾರ 7 ಜನ ಸೇರಿದರೆ ಸಂಘ ನೋಂದಣಿಯಾಗುತ್ತಿತ್ತು. 2001ರ ತಿದ್ದುಪಡಿ ಬಂದ ಮೇಲೆ ಶೇ. 10ರಷ್ಟು ಅಥವಾ 100 ಕಾರ್ಮಿಕರು, ಯಾವುದು ಕಡಿಮೆಯೋ ಅಷ್ಟು ಬೆಂಬಲ ಬೇಕಾಯಿತು. ಅಂದರೆ ಸಂಘ ಕಟ್ಟುವುದು ಸುಲಭ. ಮೇಜಿನ ಮುಂದೆ ಕುರ್ಚಿ ಸಿಗುವುದು ಮಾತ್ರ ಬೇರೆಯೇ ಕಥೆ. ಕೇಂದ್ರದ 1926ರ ಕಾಯ್ದೆ ಮಾನ್ಯತೆಯ ಮಾತನ್ನೇ ಆಡಲಿಲ್ಲ. 1958ರ ಶಿಸ್ತಿನ ಸಂಹಿತೆ ಎಲ್ಲರೂ ಸ್ವಇಚ್ಛೆಯಿಂದ ಒಪ್ಪಿದ ಕಟ್ಟಳೆಯಷ್ಟೇ. ಇನ್ನು ಕೈಗಾರಿಕಾ ವಿವಾದಗಳ ಕಾಯ್ದೆಯ 18(3)ನೇ ಕಲಮಿನ ಪ್ರಕಾರ, ರಾಜಿ ಅಧಿಕಾರಿಯ ಮುಂದೆ ಒಂದು ಯೂನಿಯನ್ ಮಾಡಿಕೊಂಡ ಸೆಟಲ್‌ಮೆಂಟ್ ಆ ಕಾರ್ಖಾನೆಯ ಎಲ್ಲ ಕಾರ್ಮಿಕರನ್ನೂ ಕಟ್ಟಿಹಾಕುತ್ತಿತ್ತು, ಸಹಿ ಹಾಕದ ಸಂಘದವರನ್ನೂ ಬಿಡದೆ. ಟೂಲ್ ರೂಮಿನವರು ಬೇರೆ ಬೋರ್ಡು ಬರೆಸಿ ನೇತುಹಾಕಿದರೂ ಅವರ ಸಂಬಳವನ್ನು ತೀರ್ಮಾನಿಸುವವರು ಆ ಬೋರ್ಡಿನ ಹೊರಗೇ ಇರುತ್ತಿದ್ದರು. ಕಂಪನಿಗಳೂ ಒಂದು ಜಾಣ ದಾರಿ ಹಿಡಿದವು: ನುರಿತ ಕೈಯನ್ನು ಸೂಪರ್‌ವೈಸರ್ ಮಾಡಿ ಕಾರ್ಮಿಕ ಎಂಬ ವ್ಯಾಖ್ಯೆಯಿಂದಲೇ ಹೊರಗೆ ಕಳುಹಿಸುವುದು. ಮೇಲ್ವಿಚಾರಕನಿಗೆ ತಿಂಗಳಿಗೆ ಇಂತಿಷ್ಟಕ್ಕಿಂತ ಹೆಚ್ಚು ಸಂಬಳವಿದ್ದರೆ ಅವನು ಆ ಕಾಯ್ದೆಯ ಪ್ರಕಾರ ಕಾರ್ಮಿಕನಾಗಿರಲಿಲ್ಲ. ಆ ಗಡಿ ಮೊದಲು 500 ರೂಪಾಯಿ, 1984ರಿಂದ 1,600, 2010ರಿಂದ 10,000. ಹೀಗೆ ದೂರು ಹೇಳಬಲ್ಲವರೇ ಒಬ್ಬೊಬ್ಬರಾಗಿ ಮೇಲೆ ಹೋದರು, ದೂರು ಕೆಳಗೇ ಉಳಿಯಿತು.

ಈ ಬಿಕ್ಕಟ್ಟನ್ನು ದೇಶ ಕಾಣದೆ ಇರಲಿಲ್ಲ. ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ವರದಿ ಕೊಟ್ಟಿತು. ಕಸುಬುವಾರು ಸಂಘಗಳಿಗೆ ಉತ್ತೇಜನ ಕೊಡಬಾರದು, ಇರುವಂಥವು ಉದ್ದಿಮೆಯ ಒಟ್ಟು ಯೂನಿಯನ್ನಿನಲ್ಲಿ ವಿಲೀನವಾಗಬೇಕು ಎಂದು ಅದು ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಮಾನ್ಯತೆ ಪಡೆದ ಯೂನಿಯನ್ ಮುಖ್ಯ ಕಸುಬುಗಳಿಗಾಗಿ ತನ್ನೊಳಗೇ ಉಪಸಮಿತಿಗಳನ್ನು ರಚಿಸಬೇಕು, ಆಯಾ ಕಸುಬಿನ ವಿಶೇಷ ಸಮಸ್ಯೆಗಳಿಗೆ ಅಲ್ಲಿ ಸಾಕಷ್ಟು ಗಮನ ಸಿಗಬೇಕು. ಈ ಎರಡು ಮಾತು ಒಂದೇ ನಾಣ್ಯದ ಎರಡು ಮುಖ. ಬೇರೆ ಹೋಗಬೇಡಿ ಎಂದು ಹೇಳುವ ಹಕ್ಕು ಯೂನಿಯನ್ನಿಗೆ ಬರುವುದೇ ಒಳಗೆ ಜಾಗ ಕೊಟ್ಟ ಮೇಲೆ. ನಮ್ಮ ಕಾರ್ಮಿಕ ಚಳವಳಿ ಮೊದಲನೆಯ ಮಾತನ್ನು ವೇದವಾಕ್ಯವಾಗಿ ಹಿಡಿದುಕೊಂಡು ಎರಡನೆಯದನ್ನು ಕಪಾಟಿನಲ್ಲಿಟ್ಟಿತು. ಆಡಳಿತ ವರ್ಗಕ್ಕೂ ಅದು ಅನುಕೂಲವೇ ಆಯಿತು, ಒಂದೇ ಕಡೆ ಒಂದೇ ಸಹಿ ಪಡೆದರೆ ಸಾಕಲ್ಲ. ಎಷ್ಟೋ ಬೇಡಿಕೆ ಪಟ್ಟಿಗಳಲ್ಲಿ ಮೂಲವೇತನ, ತುಟ್ಟಿಭತ್ಯೆ, ಬೋನಸ್, ಕ್ಯಾಂಟೀನ್ ಸಬ್ಸಿಡಿಗಳಿಗೆ ಸಾಲುಸಾಲು ಜಾಗವಿರುತ್ತದೆ. ಗ್ರೈಂಡಿಂಗ್ ಧೂಳಿನ ಮುಂದೆ ನಿಲ್ಲುವವನ ಮಾಸ್ಕು, ಹೀಟ್ ಟ್ರೀಟ್‌ಮೆಂಟ್ ಕುಲುಮೆಯ ಬಳಿ ಕೆಲಸ ಮಾಡುವವನ ಪಾಳಿ, ಹೊಸ ಯಂತ್ರ ಬಂದಾಗ ಹಳೆಯ ಮೆಷಿನಿಸ್ಟಿಗೆ ಕೊಡಬೇಕಾದ ತರಬೇತಿ ಇತ್ಯಾದಿ ಕಡೆಯ ಪುಟಕ್ಕೆ ಹೋಗುತ್ತವೆ, ಮಾತುಕತೆ ಬಿಗಿಯಾದಾಗ ಮೊದಲು ಬಿಟ್ಟುಕೊಡುವುದೂ ಅವನ್ನೇ.

ಬೇರೆ ಸಂಘ ಮದ್ದಲ್ಲ ಎಂಬ ನನ್ನ ವಾದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ, ಅದು ರೈಲ್ವೆಯಿಂದ ಬಂದದ್ದು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ನಿಟ್ಟೂರು ದಾಟಿ ಅರಸೀಕೆರೆಗೆ ಹೋಗುವ ಹಳಿಯ ಮೇಲೆ ಒಂದು ಕಾಲಕ್ಕೆ ಉಗಿಬಂಡಿಗಳು ಓಡುತ್ತಿದ್ದವು. ಅವುಗಳ ಡ್ರೈವರ್, ಫೈರ್‌ಮನ್ ಬಾಯ್ಲರಿನ ಬೆಂಕಿಯೆದುರು ಸತತವಾಗಿ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಿಲ್ಲಬೇಕಾಗುತ್ತಿತ್ತು. ಎಐಆರ್‌ಎಫ್, ಎನ್‌ಎಫ್‌ಐಆರ್ ಎಂಬ ಎರಡು ಮಾನ್ಯ ಮಹಾಮಂಡಲಗಳಿದ್ದರೂ ಈ ದೂರು ಬಗೆಹರಿಯಲಿಲ್ಲ. 1970ರಲ್ಲಿ ಲೋಕೊ ರನ್ನಿಂಗ್ ಸಿಬ್ಬಂದಿ ತಮ್ಮದೇ ಅಖಿಲ ಭಾರತ ಸಂಘ ಕಟ್ಟಿದರು. 1973ರಲ್ಲಿ ಅವರು ಗಾಡಿ ನಿಲ್ಲಿಸಿದರು, ಆ ಆಗಸ್ಟಿನಲ್ಲಿ ರೈಲ್ವೆ ಸಚಿವ ಎಲ್. ಎನ್. ಮಿಶ್ರಾ 10 ಗಂಟೆಗಿಂತ ಹೆಚ್ಚು ಸತತ ಕೆಲಸ ಇರುವುದಿಲ್ಲವೆಂದು ಭರವಸೆ ಕೊಟ್ಟರು. ದೊಡ್ಡ ಸಂಘಗಳಿಂದ ಆಗದ್ದು ಸಣ್ಣ ಸಂಘದಿಂದ ಆಯಿತು. ಬೇರೆ ಸಂಘ ಬೇಕು ಎನ್ನುವವರು ಇದನ್ನು ಎತ್ತಿ ತೋರಿಸಿದರೆ ಅವರ ಬಾಯಿ ಮುಚ್ಚಿಸುವುದು ಸರಿಯಲ್ಲ, ನಡೆದದ್ದು ನಿಜವೇ.

ಆದರೆ ಕಥೆಯನ್ನು 1973ಕ್ಕೇ ನಿಲ್ಲಿಸಬಾರದು. ಮರುವರ್ಷ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಎಐಆರ್‌ಎಫ್ ಅಧ್ಯಕ್ಷರಾಗಿದ್ದಾಗ, ಆ ಮಹಾಮಂಡಲ, ಹಲವು ಕೇಂದ್ರ ಕಾರ್ಮಿಕ ಸಂಘಟನೆಗಳು, ವರ್ಗವಾರು ಸಂಘಗಳು ಒಂದೇ ಸಮನ್ವಯ ಸಮಿತಿಗೆ ಬಂದವು. 1974ರ ಮೇ 8ರಂದು ದೇಶದ ರೈಲು ನಿಂತಿತು. ಸರ್ಕಾರ ಕಠಿಣವಾಗಿ ಹತ್ತಿಕ್ಕಿತು, ಮುಷ್ಕರ ಆ ತಿಂಗಳ ಕೊನೆಗೆ ಬೇಡಿಕೆ ಈಡೇರದೆಯೇ ಮುಗಿಯಿತು. ಒಗ್ಗಟ್ಟಿದ್ದರೆ ಗೆಲುವು ಖಚಿತ ಎನ್ನುವವರಿಗೆ 1974 ಒಪ್ಪುವುದಿಲ್ಲ, ಅದನ್ನೂ ಮುಚ್ಚಿಡಬೇಕಿಲ್ಲ. ಇನ್ನು 1981ಕ್ಕೆ ಬನ್ನಿ. ಲೋಕೊ ಸಿಬ್ಬಂದಿ ಆಗ ಒಂಟಿಯಾಗಿ ಮುಷ್ಕರ ಹೂಡಿದರು. ವಿಚಾರಣೆಯಿಲ್ಲದೆ ವಜಾ ಮಾಡುವ ನಿಯಮವನ್ನು ಬಳಸಿ ಅನೇಕರನ್ನು ಮನೆಗೆ ಕಳುಹಿಸಲಾಯಿತು. ಎರಡು ಸೋಲುಗಳ ನಂತರ ಏನಾಯಿತೆಂದು ಪಕ್ಕಪಕ್ಕ ಇಟ್ಟು ನೋಡಬೇಕು. 1974ರಲ್ಲಿ ಕೆಲಸ ಕಳೆದುಕೊಂಡವರನ್ನು 1977ರಲ್ಲಿ ಜನತಾ ಸರ್ಕಾರದ ರೈಲ್ವೆ ಸಚಿವ ಮಧು ದಂಡವತೆ ಮರಳಿ ತೆಗೆದುಕೊಂಡರು, 1979ರಲ್ಲಿ ರೈಲ್ವೆಯವರಿಗೆ ಬೋನಸ್ಸೂ ಬಂತು. 1981ರವರು ಸುಪ್ರೀಂ ಕೋರ್ಟಿನ 1993ರ ತೀರ್ಪಿನ ತನಕ, ಅಂದರೆ ಹನ್ನೆರಡು ವರ್ಷ, ಕಾಯಬೇಕಾಯಿತು. ಅಷ್ಟರಲ್ಲಿ ಕೆಲವರ ನಿವೃತ್ತಿಯ ವಯಸ್ಸೇ ಮೀರಿರುತ್ತದೆ. ಇಬ್ಬರ ತಪ್ಪೂ ಒಂದೇ, ಮುಷ್ಕರ. ಒಬ್ಬರ ಬೆನ್ನಿಗೆ ಎಲ್ಲ ರೈಲ್ವೆ ಕುಟುಂಬಗಳಿದ್ದವು, ಇನ್ನೊಬ್ಬರಿಗೆ ವಕೀಲರಷ್ಟೇ ಉಳಿದರು. ಸರ್ಕಾರ ಬದಲಾದದ್ದೂ ಇದರಲ್ಲಿ ಕೆಲಸ ಮಾಡಿದೆ ನಿಜ, ಆದರೆ ಬಂದ ಸರ್ಕಾರ ಯಾರ ಮಾತಿಗೆ ಕಿವಿಗೊಡುತ್ತದೆ ಎಂಬುದನ್ನು ತಲೆಯೆಣಿಕೆಯೇ ನಿರ್ಧರಿಸುತ್ತದೆ. ಲೋಕೊದವರಿಗೆ ಇನ್ನೊಂದು ಅನುಕೂಲವೂ ಇತ್ತು, ಅವರು ಕೈಬಿಟ್ಟರೆ ಗಾಡಿ ಹೊರಡುವುದಿಲ್ಲ. ಕಾರ್ಖಾನೆಯ ಟೂಲ್ ರೂಮಿಗೆ ಅಷ್ಟು ಹಿಡಿತವಿಲ್ಲ. ಮಾಡಿಟ್ಟ ಡೈಗಳಿಂದ ತಿಂಗಳುಗಟ್ಟಲೆ ಉತ್ಪಾದನೆ ನಡೆಯುತ್ತದೆ, ಹೊಸ ಡೈಯನ್ನು ಹೊರಗಿನ ಸಣ್ಣ ಕಾರ್ಖಾನೆಯಿಂದ ಮಾಡಿಸಿ ತರಿಸುವುದೂ ಸಾಧ್ಯ.

ಎರಡನೆಯ ಆಕ್ಷೇಪ ಅಹಮದಾಬಾದಿನದು. 1918ರ ಗಿರಣಿ ಮುಷ್ಕರದ ನಂತರ, 1920ರಲ್ಲಿ ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿಯ ಆಸರೆಯಲ್ಲಿ ಹುಟ್ಟಿದ ಮಜೂರ್ ಮಹಾಜನ ಕಸುಬುವಾರು ಸಂಘಗಳ ಒಕ್ಕೂಟವೇ ಆಗಿತ್ತು. ನೇಯುವವರದೊಂದು, ನೂಲುವವರದೊಂದು, ಎಂಜಿನ್ ನೋಡಿಕೊಳ್ಳುವವರದೊಂದು. ಕಸುಬುವಾರು ಸಂಘ ಬಾಳಿ ಬದುಕಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳಬಹುದು. ಬದುಕಿತು ನಿಜ, ಮೇಲೊಂದು ಸೂರು ಇದ್ದುದರಿಂದ. ಆದರೆ ಒಳಗೆ ನೋಡಿದರೆ ನೂಲುವ ಖಾತೆಯಲ್ಲಿ ಬಹುಪಾಲು ದಲಿತರು, ನೇಯುವ ಖಾತೆಯಲ್ಲಿ ಮುಸ್ಲಿಮರು ಮತ್ತು ಪಾಟೀದಾರರು. ಕಸುಬಿನ ಗೆರೆ ಜಾತಿಯ ಗೆರೆಯ ಮೇಲೇ ಬಿದ್ದಿತ್ತು. ಮುಂಬಯಿಯ ಗಿರಣಿಗಳಲ್ಲಿ ಇದರ ಕ್ರೌರ್ಯ ಇನ್ನೂ ಬಿಚ್ಚಾಗಿ ಕಾಣುತ್ತಿತ್ತು. ಲಾಳಿಯ ಕಣ್ಣಿನಿಂದ ನೂಲಿನ ತುದಿಯನ್ನು ನೇಕಾರ ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯರ ಎಂಜಲು ತಗಲಿದ ಲಾಳಿಯನ್ನು ಮುಟ್ಟುವುದಿಲ್ಲವೆಂದು ಸವರ್ಣ ನೇಕಾರರು ಅವರನ್ನು ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಸೇರಿಸಲೇ ಇಲ್ಲ. 1920ರ ದಶಕದ ಕೊನೆಯ ಮುಷ್ಕರಗಳ ಸಮಯದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಈ ಪ್ರಶ್ನೆಯನ್ನು ಮುಂದಿಟ್ಟರು: ಕಾರ್ಮಿಕರ ಹೆಸರಿನಲ್ಲಿ ಬೇಡಿಕೆ ಇಡುವವರು ಮೊದಲು ನೇಯ್ಗೆ ಖಾತೆಯ ಬಾಗಿಲನ್ನು ದಲಿತರಿಗೆ ತೆರೆಯಲಿ ಎಂದು. ಕುಶಲಕರ್ಮಿಗಳ ಪ್ರತ್ಯೇಕ ಸಂಘದ ಬಗ್ಗೆ ನನಗಿರುವ ಅತಿ ದೊಡ್ಡ ಅಂಜಿಕೆ ಇದೇ. ಯಾರು ಕುಶಲಿ ಎಂದು ತೀರ್ಮಾನಿಸುವ ಅಧಿಕಾರವನ್ನು ಈಗಾಗಲೇ ಒಳಗಿರುವವರಿಗೇ ಕೊಟ್ಟರೆ, ಕಲಿಯಬೇಕಾದವನು ಹೊರಗೇ ಉಳಿಯುತ್ತಾನೆ. ಆಯಗಾರರ ಕಣದಲ್ಲಿ ಇದ್ದದ್ದೂ ಇದೇ ಕಟ್ಟು.

ಸ್ವಾತಂತ್ರ್ಯಾನಂತರ ಈ ಕಟ್ಟನ್ನು ಸಡಿಲಿಸಿದ್ದು ಕೈಗಾರಿಕಾ ತರಬೇತಿ ಸಂಸ್ಥೆಗಳು. 1950ರ ಕುಶಲಕರ್ಮಿ ತರಬೇತಿ ಯೋಜನೆ, 1961ರ ಅಪ್ರೆಂಟಿಸ್ ಕಾಯ್ದೆ ಇವೆರಡರಿಂದ ಫಿಟ್ಟರ್, ಟರ್ನರ್, ವೆಲ್ಡರ್ ಎಂಬುದು ಯಾವ ಮನೆಯ ಹುಡುಗನಿಗೂ ಸಿಗಬಹುದಾದ ಸರ್ಟಿಫಿಕೇಟ್ ಆಯಿತು. ಗುಬ್ಬಿ, ಕುಣಿಗಲ್ ಕಡೆಯ ಒಕ್ಕಲು ಮನೆಯ ಮಕ್ಕಳೂ ದಲಿತ ಕೇರಿಯ ಮಕ್ಕಳೂ ವರ್ನಿಯರ್, ಮೈಕ್ರೋಮೀಟರ್ ಹಿಡಿಯಲು ಕಲಿತದ್ದು ಹೀಗೆ. ಇದು ಸಣ್ಣ ಸಾಧನೆಯಲ್ಲ. ಆದ್ದರಿಂದಲೇ ಮೂರನೆಯ ಆಕ್ಷೇಪವನ್ನು, ಅಂದರೆ ಕಸುಬಿನ ಹೆಮ್ಮೆಯೇ ಸಮಾನತೆಯ ಶತ್ರು ಎಂದು ಕೆಲವು ನಾಯಕರು ಹೇಳುವ ಮಾತನ್ನು, ನಾನು ಒಪ್ಪುವುದಿಲ್ಲ. ಕಷ್ಟಪಟ್ಟು ಕಲಿತವನಿಗೆ ಕಲಿಕೆಯ ಬೆಲೆ ಸಿಗದಿದ್ದರೆ ಕಲಿಯುವ ಹಂಬಲ ಮೊದಲು ಬತ್ತುವುದು ಬಡವರ ಮನೆಯಲ್ಲೇ. ಹೆಲ್ಪರಿನ ಕೂಲಿಯನ್ನು ಮೇಲೆತ್ತುವುದೂ ನ್ಯಾಯ, ಹೆಲ್ಪರಿನ ಮಗ ಟೂಲ್ ಮೇಕರ್ ಆದಾಗ ಅವನ ಕೈಗೆ ತಕ್ಕ ಬೆಲೆ ಕೊಡಿಸುವುದೂ ನ್ಯಾಯ. ಯೂನಿಯನ್ ಇವೆರಡನ್ನೂ ಹೊರಬೇಕು.

ಅಮೆರಿಕದಲ್ಲಿ ಕಾನೂನು ಬೇರೆ ದಾರಿ ಕೊಟ್ಟಿದೆ, ಅಲ್ಲಿ ಕಸುಬಿನವರು ತಮ್ಮದೇ ಘಟಕವಾಗಿ ಮತ ಹಾಕಬಹುದು. 2015ರ ಡಿಸೆಂಬರಿನಲ್ಲಿ ಟೆನೆಸ್ಸಿಯ ಚಾಟನೂಗಾ ಫೋಕ್ಸ್‌ವ್ಯಾಗನ್ ಕಾರ್ಖಾನೆಯ ಯಂತ್ರ ನಿರ್ವಹಣೆಯ ಕಾರ್ಮಿಕರು ಮಾತ್ರ 108–44 ಮತಗಳಿಂದ ಯೂನಿಯನ್ ಆರಿಸಿಕೊಂಡರು. ಕಂಪನಿ ಅವರೊಡನೆ ಮಾತಿಗೆ ಕೂರಲೇ ಇಲ್ಲ. 2019ರಲ್ಲಿ ಯೂನಿಯನ್ ಆ ಸಣ್ಣ ಘಟಕವನ್ನು ಕೈಬಿಟ್ಟು ಇಡೀ ಕಾರ್ಖಾನೆಯ ಮತಕ್ಕೆ ಹೋಯಿತು, ಸೋತಿತು, ಮತ್ತೆ 2024ರ ಏಪ್ರಿಲಿನಲ್ಲಿ 2,628–985ರಿಂದ ಗೆದ್ದಿತು. ಕಾನೂನಿನ ಬೆಂಬಲವಿದ್ದಾಗಲೂ ನುರಿತವರ ಸಣ್ಣ ಗುಂಪಿಗೆ ಕುರ್ಚಿ ಸಿಗಲಿಲ್ಲ.

ನಮ್ಮ ಹೊಸ ಕಾನೂನಿನಲ್ಲಿ ಆ ಸಣ್ಣ ಗುಂಪಿಗೆ ಇನ್ನೂ ಕಡಿಮೆ ಜಾಗ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಯೂನಿಯನ್ನೇ ಏಕೈಕ ಮಾತುಕತೆಯ ಯೂನಿಯನ್. ಅಂಥದ್ದಿಲ್ಲದಿದ್ದರೆ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಮಂಡಳಿ. ಕಾರ್ಖಾನೆಯಲ್ಲಿ ಐದರಲ್ಲೊಂದು ಪಾಲೂ ಇಲ್ಲದ ಕಸುಬಿನವರು ಬೇರೆ ಹೋದರೆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ 1969ರಲ್ಲಿ ಸಲಹೆಯಾಗಿದ್ದ ಉಪಸಮಿತಿ ಈಗ ಉಳಿದಿರುವ ಒಂದೇ ದಾರಿ. ಯೂನಿಯನ್ನಿನ ಬೈಲಾದಲ್ಲೇ ಅದನ್ನು ಬರೆಯಬೇಕು: ಮುಖ್ಯ ಕಸುಬುಗಳಿಗೆ ಚುನಾಯಿತ ಸಮಿತಿ, ಬೇಡಿಕೆ ಪಟ್ಟಿಯಲ್ಲಿ ಅದರ ಅಧ್ಯಾಯ, ಸೆಟಲ್‌ಮೆಂಟಿಗೆ ಸಹಿ ಬೀಳುವ ಮುನ್ನ ಆ ಸಮಿತಿಯ ಒಪ್ಪಿಗೆ ಅಥವಾ ಅದರ ಲಿಖಿತ ಆಕ್ಷೇಪ ಸಾಮಾನ್ಯ ಸಭೆಯ ಮುಂದೆ ಬರಬೇಕೆಂಬ ನಿಯಮ. ಅದೇ ಬೈಲಾದಲ್ಲಿ ಗುತ್ತಿಗೆ ಕಾರ್ಮಿಕರಿಗೂ ಒಂದು ಸಮಿತಿ ಬೇಕು, ಏಕೆಂದರೆ ಇಂದು ಅದೇ ಯಂತ್ರದ ಮುಂದೆ ಅದೇ ಕುಶಲತೆಯಿಂದ ನಿಂತ ಗುತ್ತಿಗೆಯವನಿಗೂ ಕಾಯಂ ಕೆಲಸಗಾರನಿಗೂ ಇರುವ ಅಂತರ, ಫಿಟ್ಟರಿಗೂ ಹೆಲ್ಪರಿಗೂ ಇದ್ದದ್ದಕ್ಕಿಂತ ದೊಡ್ಡದು.

ತುಮಕೂರಿನ ಮಟ್ಟಿಗೆ ಇದು ದೂರದ ಮಾತಲ್ಲ. 1970ರ ದಶಕದ ಕೊನೆಗೆ ನಗರಕ್ಕೆ ಬಂದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ತೆಗೆದುಕೊಂಡಿತು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುತ್ತಿದ್ದವರೂ ಆವರಣ ಗುಡಿಸುತ್ತಿದ್ದವರೂ 2007ರ ವೇತನ ಶ್ರೇಣಿಯ ಲೆಕ್ಕದ ಸ್ವಯಂ ನಿವೃತ್ತಿ ಪಡೆದು ಒಂದೇ ಗೇಟಿನಿಂದ ಹೊರಬಂದರು. ಅದೇ ತಿಂಗಳ 3ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಗಿತ್ತು. 615 ಎಕರೆಯ ಆ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ಕೆಲಸಕ್ಕೆ ಸೇರುವವರು, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಈಗಾಗಲೇ ದುಡಿಯುತ್ತಿರುವವರು, ಒಂದಲ್ಲ ಒಂದು ದಿನ ತಮ್ಮ ಯೂನಿಯನ್ನಿನ ಬೈಲಾ ಬರೆಯಲು ಅಥವಾ ತಿದ್ದಲು ಕೂರುತ್ತಾರೆ. ಆ ದಿನ 1969ರ ವರದಿಯ ಎರಡನೆಯ ಮಾತನ್ನು ಮೊದಲ ಪುಟದಲ್ಲೇ ಸೇರಿಸಿಕೊಳ್ಳಿ ಎಂಬುದು ಅವರಲ್ಲಿ ನನ್ನ ಕೋರಿಕೆ.